ಸೋಮವಾರದಿಂದ ಶುಕ್ರವಾರದವರೆಗಿನ ಊರು

ತುಮಕೂರಿಗೆ ಸಮುದ್ರವಿಲ್ಲ. ಆದರೆ ಸಮುದ್ರಕ್ಕೆ ಹೋಗುವ ಎರಡು ಹೆದ್ದಾರಿಗಳು ನಮ್ಮ ಜಿಲ್ಲೆಯನ್ನು ಹಾದುಹೋಗುತ್ತವೆ. ಒಂದು ತುಮಕೂರಿನಿಂದ ಹೊರಟು ಗುಬ್ಬಿ, ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರಗಳನ್ನು ದಾಟಿ ಹೊನ್ನಾವರದಲ್ಲಿ ಕಡಲು ಮುಟ್ಟುತ್ತದೆ. ಇನ್ನೊಂದು ಬೆಂಗಳೂರಿನಿಂದ ಬಂದು ಕುಣಿಗಲ್ ಮೇಲೆ ಹಾಸನ, ಸಕಲೇಶಪುರ ಹಾದು ಮಂಗಳೂರಿಗೆ ಇಳಿಯುತ್ತದೆ. ನಾವು ಚಿಕ್ಕವರಿದ್ದಾಗ ರಜೆ ಬಂತೆಂದರೆ ಈ ಎರಡು ರಸ್ತೆಗಳಲ್ಲಿ ಬೆಂಗಳೂರಿನ ಕಾರುಗಳು ಸಾಲುಗಟ್ಟಿ ಹೋಗುತ್ತಿದ್ದವು. ಅವರಿಗೆ ನಮ್ಮ ಊರುಗಳು ಕಾಫಿ ಕುಡಿಯುವ, ಟೈರಿಗೆ ಗಾಳಿ ಹಾಕಿಸುವ ಜಾಗಗಳು ಮಾತ್ರ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಕೈ ತೊಳೆದು, ಮುಂದಕ್ಕೆ ಹೋಗಿಬಿಡುತ್ತಿದ್ದರು.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಆ ಕಾರುಗಳಲ್ಲಿ ಕೆಲವು ಮುಂದಕ್ಕೆ ಹೋಗುವುದನ್ನು ನಿಲ್ಲಿಸಿದವು. ಮುನ್ನೂರು ನಾನೂರು ಕಿಲೋಮೀಟರ್ ಗಾಡಿ ಓಡಿಸಿ ಸಮುದ್ರ ನೋಡುವುದಕ್ಕಿಂತ ಎಪ್ಪತ್ತು ಕಿಲೋಮೀಟರಿನಲ್ಲೇ ಒಂದು ಕೆರೆ, ಒಂದು ಗುಡ್ಡ, ಎರಡು ತೆಂಗಿನ ಮರ ಸಿಕ್ಕರೆ ಸಾಕಲ್ಲವೇ? ಕುಣಿಗಲ್ ಸುತ್ತ ಕೆರೆಗಳಿವೆ. ತುಮಕೂರಿನ ಪಕ್ಕದಲ್ಲೇ ದೇವರಾಯನದುರ್ಗದ ಬೆಟ್ಟವಿದೆ, ಅದರ ಬುಡದಲ್ಲಿ ನಾಮದ ಚಿಲುಮೆ ಇದೆ. ಹೀಗೆ ಸಮುದ್ರದ ದಂಡೆಯಲ್ಲಿರಬೇಕಾದ ರಜೆಯ ಮನೆಗಳು ನಮ್ಮ ರಾಗಿ ಹೊಲಗಳಲ್ಲಿ ಎದ್ದವು. ಅವುಗಳ ಜೊತೆಗೆ ‘ಸೀಜನ್’ ಎಂಬ ಮಾತೂ ಬಂತು. ನಮ್ಮ ಹಳ್ಳಿಗಳಿಗೆ ಗೊತ್ತಿದ್ದದ್ದು ಸುಗ್ಗಿ. ಸುಗ್ಗಿ ವರ್ಷಕ್ಕೊಮ್ಮೆ ಬರುತ್ತಿತ್ತು. ಈ ಸೀಜನ್ ವಾರಕ್ಕೊಮ್ಮೆ ಬರುತ್ತದೆ. ಶುಕ್ರವಾರ ಸಂಜೆ ಬಂದು ಭಾನುವಾರ ಸಂಜೆ ಮುಗಿಯುತ್ತದೆ. ಮಿಕ್ಕ ಐದು ದಿನ ಆ ಮನೆಗಳಲ್ಲಿ ಏನು ನಡೆಯುತ್ತದೆ, ಅಲ್ಲಿ ಯಾರಿರುತ್ತಾರೆ ಎಂಬುದು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ನಾನು ಬರೆಯಹೊರಟಿರುವುದು ಆ ಐದು ದಿನಗಳ ಬಗ್ಗೆ.

*

ಸೀಜನ್ ಮುಗಿದ ಸಮುದ್ರವನ್ನು ನಾನೊಮ್ಮೆ ನೋಡಿದ್ದೇನೆ. ಜುಲೈ ತಿಂಗಳ ಮಳೆಯಲ್ಲಿ ಹೊನ್ನಾವರ, ಭಟ್ಕಳದ ಕಡೆ ಹೋಗಿದ್ದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದೋಣಿಗಳೆಲ್ಲ ದಡದಲ್ಲಿ ಟಾರ್ಪಾಲು ಹೊದ್ದು ಮಲಗಿದ್ದವು. ಗೂಡಂಗಡಿಗಳ ತೆಂಗಿನ ಗರಿಯ ಚಾವಣಿ ಬಿಚ್ಚಿಟ್ಟಿದ್ದರು. ಲಾಡ್ಜಿನ ಹುಡುಗ, “ಈಗ್ಯಾಕೆ ಬಂದ್ರಿ ಸಾರ್, ಸೀಜನ್ ಇಲ್ಲವಲ್ಲ” ಎಂದು ಕೇಳಿದ. ನಾನು ಅವನನ್ನು, “ಸೀಜನ್ ಇಲ್ಲದಾಗ ನೀನು ಏನು ಮಾಡ್ತೀಯ?” ಎಂದು ಕೇಳಿದೆ. “ಇಲ್ಲೇ ಇರ್ತೀನಿ ಸಾರ್. ನಮ್ಮೂರಲ್ವಾ” ಎಂದ.

ಭಟ್ಕಳದಲ್ಲಿ ಬೀಗ ಹಾಕಿದ ದೊಡ್ಡ ದೊಡ್ಡ ಮನೆಗಳನ್ನು ಕಂಡೆ. ಕೊಲ್ಲಿ ದೇಶಗಳಲ್ಲಿ, ಮುಂಬೈಯಲ್ಲಿ ದುಡಿಯುವ ನವಾಯತ ಕುಟುಂಬಗಳ ಮನೆಗಳು. ವರ್ಷದ ಬಹುಪಾಲು ಅವುಗಳಲ್ಲಿ ಒಬ್ಬರು ಮುದುಕಿ, ಒಬ್ಬ ಕೆಲಸದವನು. ಆದರೆ ಆ ಬೀಗಕ್ಕೂ ನಮ್ಮ ಕಡೆಯ ಬೀಗಕ್ಕೂ ವ್ಯತ್ಯಾಸವಿದೆ ಎಂದು ಆಮೇಲೆ ಹೊಳೆಯಿತು. ಭಟ್ಕಳದ ಬೀಗದ ಯಜಮಾನ ಆ ಊರಿನವನೇ. ಈದ್‌ಗೆ ಬರುತ್ತಾನೆ, ತಂಗಿಯ ನಿಕಾಹ್‌ಗೆ ಬರುತ್ತಾನೆ. ಅವನ ಅಬ್ಬಾನ ಕಬರ್ ಅಲ್ಲಿದೆ. ಅವನು ಊರನ್ನು ಬಿಟ್ಟು ಹೋದವನು, ಆದರೆ ಊರಿನ ಲೆಕ್ಕದಲ್ಲಿದ್ದಾನೆ. ನಮ್ಮ ಕಡೆಯ ಹೊಸ ಮನೆಗಳ ಯಜಮಾನರಿಗೆ ಊರಿನ ಹೆಸರು ಗೂಗಲ್ ಮ್ಯಾಪಿನಲ್ಲಿ ಒಂದು ಚುಕ್ಕೆ. ಅವರು ಕೆಟ್ಟವರಲ್ಲ. ವಾರವೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಕಣ್ಣು ಉರಿಸಿಕೊಂಡವರಿಗೆ ಎರಡು ದಿನ ಹಸಿರು ನೋಡುವ ಆಸೆ ತಪ್ಪೇನೂ ಅಲ್ಲ. ಆದರೆ ಅವರ ಎರಡು ದಿನಕ್ಕಾಗಿ ಊರು ಏಳು ದಿನವೂ ಬದಲಾಗಬೇಕಾಗಿದೆ.

*

ಕುಣಿಗಲ್ ತಾಲ್ಲೂಕಿನಲ್ಲಿ ಒಂದು ಹಳ್ಳಿ ನನ್ನ ಅಮ್ಮಿಯ ತವರು. ಊರಿನ ಹೆಸರು ಬೇಡ, ಈಗ ಅದೇ ಕಥೆಯ ಹತ್ತಾರು ಊರುಗಳಿವೆ. ನಾನಾಗೆ ಕೆರೆಯ ಏರಿಯ ಕೆಳಗಲ್ಲ, ಕೆರೆಯ ಹಿಂಬದಿಯ ದಿಬ್ಬದಲ್ಲಿ ಮೂರು ಎಕರೆ ಹೊಲವಿತ್ತು. ನೀರಾವರಿಯ ಗದ್ದೆಯ ಭಾಗ್ಯ ನಮಗಿರಲಿಲ್ಲ. ರಾಗಿ, ಅದರ ಸಾಲುಗಳ ನಡುವೆ ಅವರೆ, ಅಂಚಿನಲ್ಲಿ ಹುಚ್ಚೆಳ್ಳು, ಮೂಲೆಯಲ್ಲೊಂದು ಬಾವಿ, ಬಾವಿಯ ಪಕ್ಕ ಹುಣಸೆಮರ. ಬೇಸಿಗೆ ರಜೆಯಲ್ಲಿ ತುಮಕೂರಿನ ಉರ್ದು ಶಾಲೆಯ ಪುಸ್ತಕಗಳನ್ನು ಕಟ್ಟಿಟ್ಟು ನಾವು ಅಲ್ಲಿಗೆ ಹೋಗುತ್ತಿದ್ದೆವು. ನಾನು ಬರೆಯುವ ಕನ್ನಡ ಶಾಲೆಯಲ್ಲಿ ಕಲಿತದ್ದಕ್ಕಿಂತ ಆ ಹೊಲದ ಬದುಗಳ ಮೇಲೆ, ಪಕ್ಕದ ಗೌಡರ ಮಕ್ಕಳ ಜೊತೆ ಕಲಿತದ್ದೇ ಹೆಚ್ಚು.

ಆ ಮೂರು ಎಕರೆಯಲ್ಲಿ ಎರಡು ಎಕರೆ ಈಗ ರಜೆಯ ಮನೆಗಳ ಬಡಾವಣೆಯೊಂದಕ್ಕೆ ಸೇರಿದೆ. ಅದರ ಹೆಸರಿನಲ್ಲಿ ಸರೋವರವೂ ಇದೆ, ನೋಟವೂ ಇದೆ. ಎರಡೂ ಇಂಗ್ಲಿಷಿನಲ್ಲಿ. ನನ್ನ ದೊಡ್ಡ ಮಾಮು ಅಲ್ಲಿ ಕಾವಲುಗಾರರು.

ಒಂದು ಸೋಮವಾರ ಬೆಳಿಗ್ಗೆ ಅವರ ಜೊತೆ ಇಡೀ ಬಡಾವಣೆ ಸುತ್ತಿದೆ. ಅರವತ್ತೆಂಟು ದಾಟಿದ ಮಾಮು ನಾಲ್ಕು ಮನೆಗಳ ಬೀಗದ ಕೈ ಒಂದೇ ದಾರಕ್ಕೆ ಪೋಣಿಸಿ ಕುತ್ತಿಗೆಗೆ ಹಾಕಿಕೊಂಡಿದ್ದರು. ಸೋಮವಾರ ಅವರಿಗೆ ಹೆಚ್ಚು ಕೆಲಸ. ಖಾಲಿ ಬಾಟಲಿಗಳನ್ನು ಮೂಟೆ ಕಟ್ಟಬೇಕು. ಹುಲ್ಲಿನ ಮೇಲೆ ಬಿದ್ದ ಇದ್ದಿಲು ಆರಿಸಬೇಕು. ಈಜುಕೊಳದ ಮೇಲೆ ತೇಲುವ ಎಲೆಗಳನ್ನು ಉದ್ದ ಕೋಲಿನ ಬಲೆಯಿಂದ ತೆಗೆಯಬೇಕು. ಮಂಗಳವಾರ ಗಿಡಗಳಿಗೆ ನೀರು. ಬುಧವಾರ ಕಿಟಕಿ ತೆರೆದು ಗಾಳಿಯಾಡಿಸಬೇಕು, ಇಲ್ಲದಿದ್ದರೆ ಹಾಸಿಗೆಗೆ ಬೂಷ್ಟು. ಗುರುವಾರ ಮೋಟಾರು ಹಾಕಿ ತೊಟ್ಟಿ ತುಂಬಿಸಬೇಕು. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬಂದು ಫ್ರಿಜ್ ಆನ್ ಮಾಡಬೇಕು. ಇಷ್ಟಕ್ಕೂ ಸೇರಿ ತಿಂಗಳಿಗೆ ಒಂಬತ್ತು ಸಾವಿರ.

ಈಜುಕೊಳದ ಹತ್ತಿರ ನಿಂತು ಅವರು, “ಇಲ್ಲೇ ನೋಡು, ನಿನ್ನ ಮುಮಾನಿ ಅವರೆಕಾಯಿ ಬಿಡಿಸ್ತಾ ಕೂರ್ತಿದ್ದ ಜಾಗ” ಎಂದರು. ಅವರ ದನಿಯಲ್ಲಿ ದುಃಖವಿರಲಿಲ್ಲ, ದಾರಿ ತೋರಿಸುವವನ ದನಿ ಅದು. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಬೆಂಗಳೂರಿನಿಂದ ಯಜಮಾನರು. ಕ್ಯಾಮರಾದಲ್ಲಿ ಯಾರೋ ಹೊಸಬರು ಕಾಣುತ್ತಿದ್ದಾರೆ, ಯಾರದು ಎಂದು ವಿಚಾರಿಸಿದರು. ಮಾಮು ನನ್ನ ಕಡೆ ನೋಡಿ, ಕ್ಯಾಮರಾದ ಕಡೆ ನೋಡಿ, “ನನ್ನ ಅಕ್ಕನ ಮಗ ಸಾರ್, ತುಮಕೂರಿಂದ ಬಂದವ್ನೆ, ಈಗ ಹೊಂಟೋಯ್ತಾನೆ” ಎಂದರು. ನನ್ನ ನಾನಾ ಉಳುತ್ತಿದ್ದ ನೆಲದ ಮೇಲೆ ನಾನು ಹದಿನೈದು ನಿಮಿಷದ ಅಪರಿಚಿತನಾಗಿ ನಿಂತಿದ್ದೆ.

“ಮಾಮು, ಬೇಜಾರಾಗಲ್ವಾ?” ಎಂದು ಕೇಳಿದೆ. ಅವರು ನಕ್ಕರು. “ಬೇಟೇ, ಜಮೀನ್ ಕಹಾಂ ಜಾತಿ? ವೋ ತೋ ಯಹೀಂಚ್ ಹೈ. ಹಮೀಚ್ ಚಲೇ ಗಯೇ.” ನೆಲ ಎಲ್ಲಿ ಹೋಗುತ್ತದೆ, ಅದು ಇಲ್ಲೇ ಇದೆ, ಹೊರಟುಹೋದವರು ನಾವೇ. ಹಾಗೆಂದು ಹೇಳಿ ಬಲೆಯ ಕೋಲು ಎತ್ತಿಕೊಂಡರು.

*

ಮಾಮು ಹೊಲ ಮಾರಿದ್ದೇಕೆ ಎಂದು ಕೇಳುವವರಿಗೆ ಒಂದೇ ಉತ್ತರ ಇಲ್ಲ. ಎರಡು ಸಲ ಬೋರ್‌ವೆಲ್ ಕೊರೆಸಿದರು, ಎರಡನೆಯದು ಒಂಬೈನೂರು ಅಡಿ ಹೋಗಿ ಬರೀ ಧೂಳು ಕಾರಿತು. ಮಗಳ ಮದುವೆಯ ಸಾಲವಿತ್ತು. ಮಗನಿಗೆ ನೇಗಿಲು ಬೇಡವಾಗಿತ್ತು. ಇವೆಲ್ಲ ಮನೆಯೊಳಗಿನ ಕಾರಣಗಳು. ಮನೆಯ ಹೊರಗಿನ ಕಾರಣಗಳು ಇನ್ನೂ ದೊಡ್ಡವು. ಹೆದ್ದಾರಿ ನಾಲ್ಕು ಪಥವಾಯಿತು. 2017ರ ಮಾರ್ಚಿನಲ್ಲಿ ಬೆಂಗಳೂರು–ಹಾಸನ ನಡುವೆ ಕುಣಿಗಲ್ ಮೇಲೆ ಹೋಗುವ ರೈಲು ಶುರುವಾಯಿತು. ರೈಲು ನಿಲ್ಲುವ ಮೊದಲೇ ದಲ್ಲಾಳಿಗಳು ಬಂದು ನಿಂತಿದ್ದರು. ಅತ್ತ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಯಿತು. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯೂ ಆಯಿತು. ಈ ಏಳು ವರ್ಷಗಳಲ್ಲಿ ಕಾರ್ಖಾನೆಯ ಹೆಸರು ಹೇಳಿಕೊಂಡು ಮಾರಾಟವಾದ ಸೈಟುಗಳ ಫಲಕಗಳನ್ನು ಗುಬ್ಬಿ ರಸ್ತೆಯ ಎರಡೂ ಕಡೆ ನೋಡಿದವರಿಗೆ, ಹೆಲಿಕಾಪ್ಟರಿಗಿಂತ ಮೊದಲು ಹಾರಿದ್ದು ನೆಲದ ಬೆಲೆ ಎಂದು ಗೊತ್ತು.

ಕಾನೂನೂ ಬದಲಾಯಿತು. ಕರ್ನಾಟಕದಲ್ಲಿ ಬಹಳ ಕಾಲ ಕೃಷಿಕನಲ್ಲದವನು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಅಡ್ಡ ನಿಂತಿದ್ದವು. ಅಡ್ಡ ನಿಂತಿದ್ದರೂ ಜನ ಸುತ್ತಿ ಬರುತ್ತಿದ್ದರು ಎಂಬುದು ಬೇರೆ ಮಾತು. 2020ರ ತಿದ್ದುಪಡಿ ಆ ಕಲಮುಗಳನ್ನೇ ತೆಗೆದುಹಾಕಿತು. ಅದೇ ವರ್ಷ ಕೊರೋನಾ ಬಂದು ನಗರದವರು ಮನೆಯೊಳಗೆ ಸಿಕ್ಕಿಕೊಂಡರು. ಮನೆಯಿಂದಲೇ ಕೆಲಸ ಮಾಡಬಹುದೆಂದು ಗೊತ್ತಾದ ಮೇಲೆ, ಆ ಮನೆ ಬೆಂಗಳೂರಿನಲ್ಲೇ ಯಾಕಿರಬೇಕು ಎಂಬ ಪ್ರಶ್ನೆ ಹುಟ್ಟಿತು. ಆಗ ಕಾಲು ಎಕರೆ, ಹತ್ತು ಗುಂಟೆಯ ತುಂಡುಗಳಾಗಿ ತೋಟಗಳನ್ನು ಮಾರುವ ವ್ಯಾಪಾರ ಹಬ್ಬಿತು. ಗಿಡ ನೆಡುವವರು ಅವರೇ, ನೀರು ಹಾಕುವವರು ಅವರೇ, ಕೊಂಡವನು ಶನಿವಾರ ಬಂದು ಮಾವಿನ ಗಿಡದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರಾಯಿತು.

ಈ ವ್ಯಾಪಾರದ ರೀತಿ ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ಒಂದು ಎಕರೆಗೆ ನಲವತ್ತು ಗುಂಟೆ, ಒಂದು ಗುಂಟೆಗೆ 1089 ಚದರಡಿ. ರೈತ ಮಾರುವುದು ಎಕರೆಯ ಲೆಕ್ಕದಲ್ಲಿ. ಕೊನೆಯ ಗಿರಾಕಿ ಕೊಳ್ಳುವುದು ಚದರಡಿಯ ಲೆಕ್ಕದಲ್ಲಿ. ಎಕರೆ ಚದರಡಿಯಾಗಿ ಒಡೆಯುವ ಆ ದಾರಿಯಲ್ಲೇ ಹಣ ಹುಟ್ಟುತ್ತದೆ. ದಲ್ಲಾಳಿ ರೈತನಿಗೆ ಒಂದಿಷ್ಟು ಅಡ್ವಾನ್ಸ್ ಕೊಟ್ಟು ಮೂರು ತಿಂಗಳ ಕರಾರು ಬರೆಸಿಕೊಳ್ಳುತ್ತಾನೆ. ಆ ಮೂರು ತಿಂಗಳಲ್ಲಿ ಕರಾರುಪತ್ರವೇ ಕೈಯಿಂದ ಕೈಗೆ ಮಾರಾಟವಾಗಬಹುದು. ನೋಂದಣಿಯ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರೈತ ಸಹಿ ಹಾಕುವುದು ತಾನು ಹಿಂದೆಂದೂ ಮುಖ ನೋಡದವನ ಹೆಸರಿಗೆ. ಬೆಲೆ ಏರಿದ ಲಾಭವೆಲ್ಲ ನಡುವಿನ ಕೈಗಳಲ್ಲಿ ಉಳಿದಿರುತ್ತದೆ. ಮಾಮು ಎಕರೆಗೆ ಪಡೆದ ಹಣದಲ್ಲಿ ಇವತ್ತು ಅದೇ ಬಡಾವಣೆಯಲ್ಲಿ ಒಂದು ಮನೆಯ ಕಾಂಪೌಂಡು, ಗೇಟು ಬರಬಹುದು.

*

ಕುಣಿಗಲ್‌ಗೆ ಹೊರಗಿನವರು ಬಂದು ನೆಲ ಹಿಡಿಯುವುದು ಹೊಸದಲ್ಲ ಎಂದು ಕೆಲವರು ವಾದಿಸುತ್ತಾರೆ. ಊರಿನ ಅಂಚಿನಲ್ಲೇ ಇರುವ ಕುದುರೆ ಫಾರಂ ಅನ್ನು ಉದಾಹರಿಸುತ್ತಾರೆ. ಟಿಪ್ಪು ಸುಲ್ತಾನರ ಅಶ್ವದಳಕ್ಕಾಗಿ ಶುರುವಾದ ಫಾರಂ ಎಂದು ಅದರ ಖ್ಯಾತಿ. 1799ರ ನಂತರ ಅದು ಬ್ರಿಟಿಷರ ಕೈಗೆ ಹೋಯಿತು, ಮುಂದೆ ಸರ್ಕಾರದ ಆಸ್ತಿಯಾಯಿತು. 1992ರಲ್ಲಿ ಮದ್ಯದ ಉದ್ಯಮಿಯೊಬ್ಬರ ಸಂಸ್ಥೆಗೆ ಮೂವತ್ತು ವರ್ಷಗಳ ಗುತ್ತಿಗೆಗೆ ಹೋಯಿತು. ಕಾಲಕ್ರಮದಲ್ಲಿ ಯುದ್ಧದ ಕುದುರೆಗಳ ಜಾಗದಲ್ಲಿ ರೇಸಿನ ಕುದುರೆಗಳು ಬಂದಿದ್ದವು. ಗುತ್ತಿಗೆ ಮುಗಿದ ಮೇಲೆ ನಾನೂರಕ್ಕೂ ಹೆಚ್ಚು ಎಕರೆಯ ಆ ಹುಲ್ಲುಗಾವಲಿನಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ ಬಂತು, ಅದಕ್ಕೆ ವಿರೋಧವೂ ಬಂತು. ಆದರೆ ಒಂದು ಮಾತು ಗಮನಿಸಬೇಕು. ಇಷ್ಟು ಯಜಮಾನರು ಬದಲಾದರೂ ಎರಡು ಶತಮಾನಗಳ ಕಾಲ ಅಲ್ಲಿ ಹುಲ್ಲು ಬೆಳೆಯಿತು, ಕುದುರೆ ಮೇಯಿತು, ಕುದುರೆ ನೋಡಿಕೊಳ್ಳುವ ಕುಟುಂಬಗಳು ಬದುಕಿದವು. ನೆಲಕ್ಕೆ ವಾರದ ಏಳು ದಿನವೂ ಕೆಲಸವಿತ್ತು.

ಗುಬ್ಬಿಯಿಂದ ಇನ್ನೊಂದು ಉದಾಹರಣೆ ಕೊಡುತ್ತೇನೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನುದ್ದಕ್ಕೂ ಕ್ಯಾಂಪು ಹಾಕಿ ನಾಟಕವಾಡಿತು. ನಾಟಕ ಕಂಪನಿಗಳ ಬದುಕೇ ಸೀಜನ್ನಿನ ಬದುಕು. ಊರಿನ ಹೊರಗಿನ ಮೈದಾನದಲ್ಲಿ ಟೆಂಟು ಏಳುತ್ತಿತ್ತು, ಕಂಪನಿಯ ಜೊತೆಗೆ ಅಡುಗೆಯವರು, ದರ್ಜಿಗಳು, ಪರದೆ ಬರೆಯುವವರು, ಹಾರ್ಮೋನಿಯಂ ಮಾಸ್ತರರು ಬಂದು ಇಳಿಯುತ್ತಿದ್ದರು. ಊರಿನ ಹಾಲಿನವನಿಗೆ, ಹೂವಿನವಳಿಗೆ, ಜಟಕಾ ಸಾಬರಿಗೆ ದುಡಿಮೆ. ಕ್ಯಾಂಪು ಎತ್ತಿದ ಮಾರನೆಯ ದಿನ ಮೈದಾನದಲ್ಲಿ ಗೂಟ ಕಿತ್ತ ಗುಣಿಗಳಷ್ಟೇ ಉಳಿಯುತ್ತಿದ್ದವು. ಮಳೆ ಬಂದರೆ ಅವೂ ಮುಚ್ಚಿಕೊಳ್ಳುತ್ತಿದ್ದವು. ರಂಜಿಸಲು ಬಂದವರು ನೆಲವನ್ನು ನೆಲವಾಗಿಯೇ ಬಿಟ್ಟು ಹೋಗುತ್ತಿದ್ದರು. ಈಗ ರಂಜನೆಗೆ ಬರುವವರು ಕಾಂಕ್ರೀಟು ಹಾಕಿ ಬರುತ್ತಾರೆ.

ನೀರಿನ ವಿಚಾರವನ್ನು ಬಿಡುವಂತಿಲ್ಲ. ಹೇಮಾವತಿಯ ನೀರನ್ನು ಕುಣಿಗಲ್ ಕಡೆ ಕೊಂಡೊಯ್ಯುವ ಎಕ್ಸ್‌ಪ್ರೆಸ್ ಕೆನಾಲ್ ವಿರುದ್ಧ 2025ರಲ್ಲಿ ಗುಬ್ಬಿಯ ಕಡೆಯ ರೈತರು ಬೀದಿಗಿಳಿದರು. ಕುಣಿಗಲ್ಲಿನವರು ನಮಗೂ ನೀರು ಬೇಡವೇ ಎಂದರು. ಎರಡೂ ಕಡೆಯವರು ರೈತರೇ, ಎರಡೂ ಕಡೆಯವರ ಬಾಯಾರಿಕೆಯೂ ನಿಜ. ಹೀಗೆ ಅಕ್ಕಪಕ್ಕದ ತಾಲ್ಲೂಕುಗಳು ಕೊಡ ನೀರಿಗೆ ಕಿತ್ತಾಡುವಾಗ, ಐದು ದಿನ ಯಾರೂ ಇಳಿಯದ ಈಜುಕೊಳದಲ್ಲಿ ಬೋರ್‌ವೆಲ್ಲಿನ ನೀರು ನೀಲಿಯಾಗಿ ನಿಂತಿರುತ್ತದೆ. ಮಾಮುವಿನ ಬೋರ್ ಧೂಳು ಕಾರಿದ ಜಾಗದಿಂದ ಅದು ಬಹಳ ದೂರವೂ ಇಲ್ಲ. ದುಡ್ಡಿದ್ದವರು ಇನ್ನೂ ಆಳಕ್ಕೆ ಕೊರೆಸಬಲ್ಲರು.

*

ಈಗ ಉಳಿದ ಒಂದು ಎಕರೆಯ ಮಾತು.

ನಾನಾ ತೀರಿಕೊಂಡಾಗ ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದರು. ಮಗನ ಪಾಲಿನ ಅರ್ಧ ಮಗಳಿಗೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಲೆಕ್ಕ. ಆದರೆ ಲೆಕ್ಕ ಗೊತ್ತಿರುವುದು ಬೇರೆ, ಪಾಲು ಕೊಡುವುದು ಬೇರೆ. ಮೂವತ್ತು ವರ್ಷ ಯಾರೂ ಆ ಮಾತು ಎತ್ತಲಿಲ್ಲ. ಅಮ್ಮಿಗೆ, ಖಾಲಾಗೆ ಈದ್‌ಗೊಂದು ಸೀರೆ, ಸುಗ್ಗಿಗೊಂದು ಮೂಟೆ ರಾಗಿ ಬರುತ್ತಿತ್ತು. ಹೊಲಕ್ಕೆ ಬೆಲೆಯಿಲ್ಲದ ಕಾಲದಲ್ಲಿ ಪಾಲಿನ ಮಾತೆತ್ತಿದ ಹೆಣ್ಣಿಗೆ ದುರಾಸೆಯವಳೆಂಬ ಹೆಸರು ಬರುತ್ತಿತ್ತು. ಇದು ನಮ್ಮ ಸಮಾಜದ ಮಾತು ಮಾತ್ರವಲ್ಲ. ಪಕ್ಕದ ಗೌಡರ ಮನೆಯಲ್ಲೂ ಇದೇ ನಡೆದಿತ್ತು, ಅಲ್ಲಿ ಸೀರೆಯ ಜೊತೆ ಅರಿಶಿನ ಕುಂಕುಮ, ಅಷ್ಟೇ ವ್ಯತ್ಯಾಸ.

2018ರಲ್ಲಿ ಬಡಾವಣೆಯವರ ವಕೀಲರು ವಂಶವೃಕ್ಷ ಕೇಳಿದರು. ಗ್ರಾಮ ಲೆಕ್ಕಿಗರು ಬರೆದುಕೊಟ್ಟ ಆ ಹಾಳೆಯಲ್ಲಿ ನಾನಾನ ಹೆಸರಿನಿಂದ ನಾಲ್ಕು ಗೆರೆಗಳು ಇಳಿದಿದ್ದವು. ಎರಡು ಗೆರೆಗಳ ಕೊನೆಯಲ್ಲಿ ಅಮ್ಮಿ ಮತ್ತು ಖಾಲಾ ಇದ್ದರು. ಮೂವತ್ತು ವರ್ಷಗಳಲ್ಲಿ ಧರ್ಮದ ಬೋಧನೆ ಮಾಡದ ಕೆಲಸವನ್ನು ರಿಯಲ್ ಎಸ್ಟೇಟಿನ ವಕೀಲರ ಭಯ ಒಂದೇ ದಿನದಲ್ಲಿ ಮಾಡಿತು. ಹೆಣ್ಣುಮಕ್ಕಳು ಇದ್ದಾರೆ ಎಂದು ಎಲ್ಲರಿಗೂ ನೆನಪಾಯಿತು. ಮಾಮುಗಳು ಹಕ್ಕು ಬಿಡುಗಡೆ ಪತ್ರ ತೆಗೆದುಕೊಂಡು ಬಂದರು. ಅಮ್ಮಿ ಪೆನ್ನು ಹಿಡಿದಿದ್ದರು. ಖಾಲಾ ತಡೆದರು.

“ಸೀರೆ ತಗೊಂಡಿದ್ದು ಅಣ್ಣಂದಿರ ಪ್ರೀತಿ ಅಂತ. ಪಾಲು ಅಂತ ಅಲ್ಲ” ಎಂದರು ಖಾಲಾ. ಅವರು ಜಗಳವಾಡಲಿಲ್ಲ, ದನಿ ಏರಿಸಲೂ ಇಲ್ಲ. ಲೆಕ್ಕ ಹೇಳಿದರು. ಮೂರು ಎಕರೆಗೆ 120 ಗುಂಟೆ. ಆರು ಪಾಲು ಮಾಡಿದರೆ ಪಾಲಿಗೆ ಇಪ್ಪತ್ತು. ಅಣ್ಣಂದಿರಿಗೆ ನಲವತ್ತು ನಲವತ್ತು, ನಮಗೆ ಇಪ್ಪತ್ತು ಇಪ್ಪತ್ತು. ನಿಮ್ಮದನ್ನು ನೀವು ಮಾರಿ, ನಾವು ಸಹಿ ಹಾಕುತ್ತೇವೆ. ನಮ್ಮದು ಬಾವಿಯ ಕಡೆಯಿಂದ ಅಳೆದುಕೊಡಿ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಹೆಂಗಸು. ಉರ್ದು ಓದಬಲ್ಲರು, ಕನ್ನಡ ಅಂಕಿ ಮಾತ್ರ ಗೊತ್ತು. ಪೌತಿ ಖಾತೆಯಾಗಿ ನಾಲ್ಕು ಹೆಸರೂ ಪಹಣಿಗೆ ಏರುವವರೆಗೆ, 11ಇ ನಕ್ಷೆಗಾಗಿ ಸರ್ವೆಯವರು ಸರಪಳಿ ಎಳೆಯುವವರೆಗೆ ಅವರು ಬಿಡಲಿಲ್ಲ. ಅಳತೆಯ ದಿನ ಬಿಸಿಲಿನಲ್ಲಿ ಬುರ್ಖಾ ಎತ್ತಿಕಟ್ಟಿ ಕಲ್ಲು ನೆಡುವ ಜಾಗದಲ್ಲಿ ನಿಂತಿದ್ದರು. ದೊಡ್ಡ ಮಾಮು ಎರಡು ವರ್ಷ ಅವರ ಜೊತೆ ಮಾತು ಬಿಟ್ಟರು. ಆಮೇಲೆ ಕಾವಲಿನ ಕೆಲಸ ಶುರುವಾಯಿತು. ಈಗ ಮಧ್ಯಾಹ್ನದ ಊಟ ಮಾಡುವುದು ತಂಗಿಯ ಹುಣಸೆಮರದ ಕೆಳಗೆ. ಬಡಾವಣೆಯಲ್ಲಿ ಅವರು ಕೂರಬಹುದಾದ ನೆರಳಿಲ್ಲ.

ಆ ಒಂದು ಎಕರೆಯನ್ನು ಖಾಲಾ ಪಕ್ಕದ ಗೌಡರಿಗೆ ವಾರಕ್ಕೆ ಕೊಟ್ಟಿದ್ದಾರೆ. ರಾಗಿ ಬೆಳೆಯುತ್ತದೆ, ಸಾಲಿನಲ್ಲಿ ಅವರೆಯೂ ಇದೆ. ಬಂದದ್ದರಲ್ಲಿ ಅರ್ಧ ಅವರಿಗೆ, ಅರ್ಧ ಇವರಿಗೆ. ತಮಾಷೆಯೆಂದರೆ ಬಡಾವಣೆಯ ಹೊಳೆಯುವ ಪುಸ್ತಿಕೆಯ ಮುಖಪುಟದಲ್ಲಿರುವುದು ಇದೇ ಹೊಲದ ಚಿತ್ರ. ಹಸಿರು ರಾಗಿ, ಆಚೆ ಕೆರೆ, ಒಂದು ಹುಣಸೆಮರ. ‘ನಿಮ್ಮ ಕಿಟಕಿಯಿಂದ ಕಾಣುವ ನೋಟ’ ಎಂಬಂಥ ಬರಹ ಕೆಳಗೆ. ಖಾಲಾಗೆ ತೋರಿಸಿದೆ. “ನನ್ನ ಹೊಲದ ಬಾಡಿಗೆ ಎಲ್ಲಿ ಕೇಳು” ಎಂದು ನಕ್ಕರು. ಈಗ ಬಡಾವಣೆಯ ಎರಡನೇ ಹಂತಕ್ಕೆ ಆ ಎಕರೆಯೇ ಬೇಕಂತೆ, ಕೆರೆಗೆ ಹತ್ತಿರ ಅದೊಂದೇ ಉಳಿದಿರುವುದು. ನೋಟ ಮಾರಿ ಮುಗಿದ ಮೇಲೆ ನೋಟವಿದ್ದ ಜಾಗವನ್ನೂ ಕಟ್ಟಲು ಹೊರಟಿದ್ದಾರೆ.

*

ಮಾರುವವರ ಕಷ್ಟ ಹೇಳಿದೆ. ಕೊಳ್ಳುವವರಲ್ಲೂ ಎಲ್ಲರೂ ಒಂದೇ ಅಲ್ಲ. ತುಮಕೂರಿನಲ್ಲಿ ಗೆಳೆಯನೊಬ್ಬನ ಜೊತೆ ಸೈಟು ನೋಡಲು ಹೋಗಿದ್ದೆ. ಮೇಷ್ಟ್ರು ಕೆಲಸ, ಬ್ಯಾಂಕಿನ ಸಾಲ ಮಂಜೂರಾಗಿತ್ತು. ಲೇಔಟಿನವರು ಟೀ ತರಿಸಿದರು, ನಕ್ಷೆ ಬಿಡಿಸಿದರು, ಮೂಡಲ ಮುಖದ ಸೈಟು ತೋರಿಸಿದರು. ಫಾರಂ ತುಂಬುವಾಗ ಹೆಸರು ಕೇಳಿದರು. ಹೆಸರು ಹೇಳಿದ. ಟೀ ಇನ್ನೂ ಬಿಸಿಯಾಗಿತ್ತು. ಒಳಗೆ ಹೋಗಿ ಬಂದವರು, ಆ ಸೈಟು ನಿನ್ನೆಯೇ ಬುಕ್ ಆಗಿದೆಯಂತೆ, ನಮಗೆ ಗೊತ್ತಿರಲಿಲ್ಲ ಎಂದರು. ಪಕ್ಕದ್ದು? ಅದೂ. ಹಿಂದಿನ ಸಾಲು? ಅದೂ. ಯಾರೂ ಕೆಟ್ಟ ಮಾತಾಡಲಿಲ್ಲ. ಗೇಟಿನವರೆಗೆ ಬಂದು ಕಳಿಸಿಕೊಟ್ಟರು.

ಆ ದಿನ ವಾಪಸು ಬರುವಾಗ ನನಗೆ ಖಾಲಾಳ ಹೊಲ ನೆನಪಾಯಿತು. ನಮ್ಮ ಹೆಸರಿನಲ್ಲಿರುವ ನೆಲವನ್ನು ಕೊಳ್ಳಲು ಯಾರಿಗೂ ನಮ್ಮ ಹೆಸರು ಅಡ್ಡ ಬರುವುದಿಲ್ಲ. ನಾವು ಕೊಳ್ಳಲು ಹೋದಾಗ ಮಾತ್ರ ಅದು ಅಡ್ಡ ಬರುತ್ತದೆ. ಹೀಗಿರುವಾಗ ಕೈಯಲ್ಲಿರುವ ನೆಲವನ್ನು ಬಿಟ್ಟರೆ ಮತ್ತೆ ಹಿಡಿಯಲು ಎಲ್ಲಿಗೆ ಹೋಗಬೇಕು? ತುಮಕೂರಿನಲ್ಲಿ ಅಂಗಡಿ ಇಡುತ್ತೇನೆಂದು ಹಣ ತಂದ ಚಿಕ್ಕ ಮಾಮು ಈಗ ಇರುವುದು ಬಾಡಿಗೆ ಮನೆಯಲ್ಲಿ. ಮೂರನೇ ಸಲ ಬದಲಾಯಿಸಿದ್ದಾರೆ.

*

ಅಮ್ಮಿ 2021ರಲ್ಲಿ ತೀರಿಕೊಂಡರು. ಅಬ್ಬಾ ಮೊದಲೇ ಹೋಗಿದ್ದರು. ಅಮ್ಮಿಯ ಇಪ್ಪತ್ತು ಗುಂಟೆ ಈಗ ನನಗೆ ಮತ್ತು ಆಪಾಗೆ ಬಂದಿದೆ. ನನಗೆ ಹದಿಮೂರು ಚಿಲ್ಲರೆ, ಆಪಾಗೆ ಆರು ಚಿಲ್ಲರೆ. ಆಪಾಳ ಗಂಡನಿಗೆ ಡಯಾಲಿಸಿಸ್ ನಡೆಯುತ್ತಿದೆ, ಅವಳಿಗೆ ಹಣ ಬೇಕು. ಖಾಲಾಳ ಒಬ್ಬನೇ ಮಗ ದಮ್ಮಾಮಿನಲ್ಲಿದ್ದಾನೆ. ಪ್ರತಿ ಜುಮ್ಮಾ ಫೋನ್ ಮಾಡಿ, ಬೆಲೆ ಇರುವಾಗಲೇ ಮಾರಿಬಿಡಿ ಅಮ್ಮಿ, ನಾನು ಬಂದು ರಾಗಿ ಬೆಳೆಯಲ್ಲ ಎನ್ನುತ್ತಾನೆ. ಅವನು ಹೇಳುವುದೂ ಸುಳ್ಳಲ್ಲ. ಇವರಿಬ್ಬರಿಗೂ ಎದುರಾಡುವ ಹಕ್ಕು ನನಗಿದೆಯೇ ಎಂದು ರಾತ್ರಿ ಎದ್ದು ಕೂರುತ್ತೇನೆ. ಸಂಬಳ ಬರುವವನು ನೆಲದ ಬಗ್ಗೆ ಲೇಖನ ಬರೆಯುವುದು ಸುಲಭ.

ಕಳೆದ ತಿಂಗಳು ಖಾಲಾಳ ಹತ್ತಿರ ಹೋಗಿ ನೇರವಾಗಿ ಕೇಳಿದೆ, ಏನು ಮಾಡೋಣ? ಅವರು ಒಂದು ದಾರಿ ಹೇಳಿದರು. ಆಪಾಳ ಆರು ಗುಂಟೆ ಚಿಲ್ಲರೆಯನ್ನು ಹೊರಗಿನವರಿಗೆ ಮಾರುವುದು ಬೇಡ, ಬಡಾವಣೆಯವರು ಕೊಡುವ ಬೆಲೆಯನ್ನೇ ನೀನು ಕೊಟ್ಟು ಬರೆಸಿಕೋ. ತಂಗಿಯೆಂದು ಒಂದು ರೂಪಾಯಿ ಕಡಿಮೆ ಮಾಡಬೇಡ, ಅಕ್ಕನೆಂದು ಅವಳು ಬಿಟ್ಟುಕೊಡುವುದೂ ಬೇಡ. ನಾನು ಅವರ ಮಾತು ತಿದ್ದಿದೆ, ಖಾಲಾ, ಆಪಾ ನನಗಿಂತ ದೊಡ್ಡವಳು. “ಪಾಲು ಕೊಡುವ ಹೊತ್ತಿನಲ್ಲಿ ಎಲ್ಲ ಹೆಣ್ಣುಮಕ್ಕಳೂ ಚಿಕ್ಕವರೇ ಆಗಿಬಿಡ್ತಾರೆ ಬೇಟೇ” ಎಂದರು.

ಆ ಬೆಲೆ ನನ್ನ ಎರಡು ವರ್ಷದ ಸಂಬಳಕ್ಕಿಂತ ಹೆಚ್ಚು. ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದೇನೆ. ಹೆಂಡತಿ ಮೊದಲು ಸುಮ್ಮನಿದ್ದಳು, ಆಮೇಲೆ ತನ್ನ ಬಳೆಗಳ ತೂಕ ಹೇಳಿದಳು. ಖಾಲಾ ತಮ್ಮ ಪಾಲನ್ನು ತಾವಿರುವ ತನಕ ಮಾರುವುದಿಲ್ಲವಂತೆ. ಅವರ ನಂತರ ದಮ್ಮಾಮಿನ ಮಗ ಏನು ಮಾಡುತ್ತಾನೋ ಅದು ಅವನ ಹಕ್ಕು.

ದೊಡ್ಡ ಮಾಮುಗೆ ವಿಷಯ ತಿಳಿಸಲು ಬಡಾವಣೆಗೆ ಹೋದೆ. ಅದು ಬುಧವಾರ, ಕಿಟಕಿಗಳನ್ನು ತೆರೆದಿಟ್ಟು ವರಾಂಡದ ಮೆಟ್ಟಿಲ ಮೇಲೆ ಕುಳಿತಿದ್ದರು. ಎಲ್ಲ ಕೇಳಿಸಿಕೊಂಡು, ಬಾವಿಯ ಹೂಳು ತೆಗೆಸಿ ಎಷ್ಟು ವರ್ಷವಾಯಿತು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರೇ ಲೆಕ್ಕ ಹಾಕಿ ಹನ್ನೊಂದು ಎಂದರು. ಬೇಸಿಗೆಯಲ್ಲಿ ನೀರು ತಳ ಕಂಡಾಗ ಇಬ್ಬರು ಆಳು ಸಿಕ್ಕರೆ ನಾಲ್ಕು ದಿನದ ಕೆಲಸ, ನಾನು ನಿಂತು ಮಾಡಿಸುತ್ತೇನೆ, ಆದರೆ ಸೋಮವಾರ ಬೇಡ ಎಂದರು.